ಬಚ್ಚಲ ಹಿಂದಿನ ಹನ್ನೊಂದು ಮಡಕೆಗಳು

ಕಳಸ
18 ಜನವರಿ 2024

ರೂಪಶ್ರೀ,

ನಿನಗೆ ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜಿಗೆ ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಅದಕ್ಕೇ ರಿಜಿಸ್ಟರ್ಡ್ ಪೋಸ್ಟು. ಇದನ್ನಾದರೂ ಪೋಸ್ಟ್‌ಮ್ಯಾನ್ ನಿನ್ನ ಕೈಗೇ ಕೊಡಬೇಕು.

ನಮ್ಮ ಶಾಲೆಯ ಗಣಿತದ ಮೇಷ್ಟ್ರು ಮೋಹಿತ್ ಹೋದ ವಾರ ಹೆಂಡತಿಯ ಹುಟ್ಟುಹಬ್ಬಕ್ಕೆ ನೀನು ಹೋಮ್‌ಸ್ಟೇ ಮಾಡಿದ ನಿಮ್ಮ ಕಲ್ಲುಹಿತ್ಲು ಬಂಗಲೆಯಲ್ಲಿ ಉಳಿದು ಬಂದರು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಫೋಟೊ ತೋರಿಸಿದರು. 1871ರ ಬಂಗಲೆ, ಹಾರ್ಡಿಂಗ್ ದೊರೆಯ ಒರಗು ಕುರ್ಚಿ, ಅಗೆದು ತೆಗೆದ, ಕಾಫಿ ಹಣ್ಣು ಸುಲಿಯುತ್ತಿದ್ದ ಹಳೇ ಪಲ್ಪಿಂಗ್ ಮನೆಯ ತಳಪಾಯ, ಅದರ ಸುತ್ತ ಹಗ್ಗ, ದೊರೆಯ ನಾಯಿಯ ಗೋರಿ, ಆ ಗೋರಿಗೂ ಒಂದು ಬೋರ್ಡು. ಎಲ್ಲ ನೋಡಿದೆ. ಆಮೇಲೆ ಊಟದ ಮೇಜಿನ ಫೋಟೊ ಬಂತು. ಸಾಲಾಗಿ ಹನ್ನೊಂದು ಪುಟ್ಟ ಮಣ್ಣಿನ ಮಡಕೆ. ಕೆಲವದರಲ್ಲಿ ಹೂವು, ಒಂದರಲ್ಲಿ ಉಪ್ಪಿನಕಾಯಿ, ಒಂದರಲ್ಲಿ ಮೊಸರು. ಮುಂದೊಂದು ಚೀಟಿ: ‘ಹಾರ್ಡಿಂಗ್ ದೊರೆಸಾನಿಯ ಅಡುಗೆಮನೆಯ ಮಸಾಲೆ ಜಾಡಿಗಳು’.

ಮೋಹಿತ್ ಆ ಮೊಸರು ತಿಂದಿದ್ದಾರೆ ರೂಪಾ. ಚೆನ್ನಾಗಿತ್ತಂತೆ.

ಅವು ಜಾಡಿಗಳಲ್ಲ, ಮಾಸಿನ ಮಡಕೆಗಳು. ಹೆರಿಗೆಯಾದ ಮೇಲೆ ಬೀಳುವ ಮಾಸನ್ನು ನಮ್ಮ ಕೂಲಿ ಲೈನಿನ ಮನೆಗಳಲ್ಲಿ ಎಸೆಯುತ್ತಿರಲಿಲ್ಲ. ಹೊಸ ಮಡಕೆಯಲ್ಲಿ ಇಟ್ಟು, ಒಂದು ಹಿಡಿ ಭತ್ತ, ಒಂದು ಚೂರು ಕಬ್ಬಿಣ, ಒಂದು ಕಾಸು ಹಾಕಿ, ಬಾಯಿ ಮುಚ್ಚಿ ಬಚ್ಚಲ ಕಲ್ಲಿನ ಹಿಂದೆ ಹೂಳುತ್ತಿದ್ದರು. ಬಾಣಂತಿ ಮಿಂದ ನೀರು, ಕೂಸು ಮಿಂದ ನೀರು ಅದರ ಮೇಲೆಯೇ ಹರಿಯಬೇಕು. ನನ್ನ ಅಜ್ಜಿ ದ್ಯಾವಮ್ಮ ಆ ಲೈನಿನ ಸೂಲಗಿತ್ತಿ ಎಂದು ನಿನಗೆ ಗೊತ್ತು. ಹೆಚ್ಚಿನವನ್ನು ಹೂತವಳು ಅವಳು. ಅದಕ್ಕೂ ಹಿಂದಿನವನ್ನು ಅವಳ ಅತ್ತೆ.

ಹೋದ ಮಾರ್ಚಿನಲ್ಲಿ ಯೂನಿವರ್ಸಿಟಿಯ ರೇವತಿ ಮೇಡಂ ತಂಡವನ್ನು ಕರೆಸಿ ಬಂಗಲೆಯ ಸುತ್ತ ನೀನೇ ಅಗೆಸಿದೆ. ಆರು ಮನೆಯ ನಮ್ಮ ಕೂಲಿ ಲೈನಿನ ಹಿತ್ತಲನ್ನೂ ಅಗೆಸಿದೆ. ಐದು ಮನೆಯವರನ್ನು ನೀವು ಆಗಲೇ ಅತ್ತಿಗುಂಡಿ ಕಡೆಯ ತೋಟಕ್ಕೆ ಸಾಗಿಸಿದ್ದಿರಿ. ಅಮ್ಮ ಕಣ್ಣಿನ ಆಪರೇಷನ್‌ಗೆಂದು ನನ್ನ ಹತ್ತಿರ ಬಂದಿದ್ದಳು. ಇದು ಏನು, ಯಾರದು ಎಂದು ಕೇಳಲು ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಇದ್ದಿದ್ದರೂ ನೀವು ಕೇಳುತ್ತಿದ್ದಿರೋ ಇಲ್ಲವೋ. ಅಮ್ಮ ವಾಪಸು ಹೋದಾಗ ಐದು ಮನೆ ನೆಲಸಮವಾಗಿತ್ತು, ಅವಳದೊಂದು ಉಳಿದಿತ್ತು, ಅದೂ ಬಾಗಿಲು ಹಾಕಿದ್ದರಿಂದ. ಈಗ ಅದನ್ನೂ ಬಿಡು ಎನ್ನುತ್ತಿದ್ದೀರಿ. ಅವಳು ಬಿಡುವುದಿಲ್ಲ.

ಮೊದಲು ಆ ಮಡಕೆಗಳನ್ನು ಮೇಜಿನಿಂದ ಇಳಿಸು. ಈ ಪತ್ರ ಓದಿ ಮುಗಿಸುವ ಮೊದಲೇ ಇಳಿಸು.

ನಾಲ್ಕನೇ ಕ್ಲಾಸಿನವರೆಗೆ ನಿನ್ನ ಪಕ್ಕ ಕೂತಿದ್ದ,
ಭವ್ಯಾ


ಕಲ್ಲುಹಿತ್ಲು ಎಸ್ಟೇಟ್, ಕೊಟ್ಟಿಗೆಹಾರ
3 ಫೆಬ್ರವರಿ 2024

ಪ್ರೀತಿಯ ಭವ್ಯಾ,

ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ನಿಜವಾಗಿ ಹೇಳುತ್ತಿದ್ದೇನೆ, ನಂಬುವುದು ಬಿಡುವುದು ನಿನಗೆ ಬಿಟ್ಟಿದ್ದು. ಮಡಕೆಗಳನ್ನು ಅವತ್ತೇ ತೆಗೆಸಿದೆ. ಎಲ್ಲವನ್ನೂ ಚೆನ್ನಾಗಿ ತೊಳೆಸಿ, ಪೇಪರು ಸುತ್ತಿ, ಪೆಟ್ಟಿಗೆಯಲ್ಲಿಟ್ಟು ನಮ್ಮ ಜೀಪಿನ ಡ್ರೈವರ್ ಉಮೇಶ್ ಕೈಲಿ ನಿನ್ನ ಅಮ್ಮ ದೇವೀರಮ್ಮನ ಮನೆಗೆ ಕಳಿಸಿದ್ದೇನೆ. ಒಂದೂ ಒಡೆದಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ನಾವು ಬೇಕೆಂದು ಮಾಡಿದ್ದಲ್ಲ. ಒಂದು ಮಡಕೆಯೊಳಗೆ ಬಂಗಲೆಯ ಉಗ್ರಾಣದ ಹಳೇ ಬೀಗದ ಕೈ ಸಿಕ್ಕಿತು. ಅದನ್ನು ನೋಡಿ ರೇವತಿ ಮೇಡಂ ‘ಬಂಗಲೆಯ ಬಳಕೆಯ ಪಾತ್ರೆಗಳಿರಬಹುದು’ ಎಂದು ಬರೆದರು. ಅದರ ಮೇಲೆ ನಮ್ಮ ಡೆಕೊರೇಟರ್ ಚೀಟಿ ಮಾಡಿಸಿದ. ಲೈನಿನ ಮಡಕೆಯೊಳಗೆ ಬಂಗಲೆಯ ಕೀ ಹೇಗೆ ಬಂತು, ನೀನೇ ಹೇಳು. ಕೆಲಸದವರು ಯಾರೋ ಎತ್ತಿಟ್ಟದ್ದು ಇರಬಹುದು. ನಾನು ಆ ವಿಷಯ ದೊಡ್ಡದು ಮಾಡುವುದಿಲ್ಲ.

ಮನೆಯ ವಿಷಯಕ್ಕೆ ಬಂದರೆ, ಅದು ಅಪ್ಪನಿಗೆ ಬಿಟ್ಟದ್ದು. ಆ ಲೈನು ಅಷ್ಟೇನೂ ಹಳೆಯದಲ್ಲ ಎನ್ನುತ್ತಾರೆ ಅವರು. ದೇವೀರಮ್ಮನಿಗೆ ಒಳ್ಳೆಯ ಕ್ವಾರ್ಟರ್ಸ್ ಕೊಡುತ್ತೇವೆ, ಟೈಲ್ಸ್ ಹಾಕಿಸಿದ್ದು. ನೀನು ಸಿಟ್ಟಿನಲ್ಲಿ ಹಳೆಯದನ್ನೆಲ್ಲ ಎಳೆದು ತರಬೇಡ ಮಾರಾಯ್ತಿ. ನಮ್ಮಿಬ್ಬರ ನಡುವೆ ಇದು ಬರಬಾರದಿತ್ತು.

ಎಂದಿನಂತೆ ನಿನ್ನ
ರೂಪಾ


ಕಳಸ
10 ಫೆಬ್ರವರಿ 2024

ರೂಪಶ್ರೀ,

‘ಕೆಲಸದವರು ಯಾರೋ ಎತ್ತಿಟ್ಟದ್ದು’. ಈ ಮೂರು ಪದವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮೊಸರು ಬಡಿಸಿದ್ದಕ್ಕೆ ಕ್ಷಮೆ ಕೇಳುವ ಪತ್ರದಲ್ಲೇ ನಮ್ಮ ಅಜ್ಜಿಯನ್ನು ಕಳ್ಳಿ ಮಾಡಿದೆಯಲ್ಲ.

ಪೆಟ್ಟಿಗೆ ಬಂತು. ಅಮ್ಮ ಅದನ್ನು ಒಳಗೆ ತರಲಿಲ್ಲ, ಜಗುಲಿಯಲ್ಲೇ ಇಟ್ಟುಕೊಂಡು ಇಡೀ ಮಧ್ಯಾಹ್ನ ಕೂತಳಂತೆ. ಚೆನ್ನಾಗಿ ತೊಳೆಸಿ ಎಂದು ಬರೆದಿದ್ದೀಯ. ಸೋಪಿನ ನಿಂಬೆ ವಾಸನೆ ಬರುತ್ತಿದೆಯಂತೆ. ಭತ್ತ ಎಲ್ಲಿ? ಕಾಸು, ಕಬ್ಬಿಣದ ಚೂರು ಎಲ್ಲಿ? ಯಾವುದು ಯಾರದು? ನೆಲದೊಳಗೆ ಸಾಲಾಗಿದ್ದಾಗ ಅವು ಇಂಥವರು ಇಲ್ಲಿ ಹುಟ್ಟಿದರು ಎನ್ನುತ್ತಿದ್ದವು. ಈಗ ಬರೀ ಮಡಕೆ. ಸಂತೆಯಲ್ಲಿ ಸಿಗುವಂಥದ್ದು. ಇದು ನಾನು ಹೇಳಬೇಕಾದ ಮಾತಲ್ಲ, ಅಗೆಯುವ ಕೆಲಸಕ್ಕೆ ಇಳಿದವರು ಮೊದಲ ದಿನ ಕಲಿಯುವ ಮಾತು.

ಇನ್ನೊಂದು ಸಂಗತಿ ನಿನ್ನೆ ಗೊತ್ತಾಯಿತು. ನಮ್ಮ ಆರು ಮನೆಯವರು ಮನೆ ಜಾಗದ ಹಕ್ಕುಪತ್ರಕ್ಕೆ ಹಾಕಿದ ಅರ್ಜಿಗೆ ನಿನ್ನ ಅಪ್ಪ ರಂಗನಾಥ ಅವರು ತಕರಾರು ಸಲ್ಲಿಸಿದ್ದಾರೆ. ಸಹಿ ಮಾಡಿದ ಹೇಳಿಕೆ. ‘ಸದರಿ ಲೈನು 2001ರಲ್ಲಿ ಕಟ್ಟಿಸಿದ್ದು, ಅದಕ್ಕೆ ಮುಂಚೆ ಆ ಜಾಗ ಕಾಫಿ ಒಣಗಿಸುವ ಕಣವಾಗಿತ್ತು, ಅಲ್ಲಿ ಯಾರೂ ವಾಸವಿರಲಿಲ್ಲ’. ಯಾರೂ ವಾಸವಿರಲಿಲ್ಲವಂತೆ. ನಾನು ಹುಟ್ಟಿದ್ದು 1993ರ ಜನವರಿಯಲ್ಲಿ. ನಿನ್ನ ಜೊತೆ ಶಾಲೆಗೆ ನಡೆದು ಬರುತ್ತಿದ್ದೆನಲ್ಲ, ಯಾವ ಕಣದಿಂದ ಎದ್ದು ಬರುತ್ತಿದ್ದೆ?

ಹಕ್ಕುಪತ್ರ ಸಿಗಬೇಕಾದರೆ ನಾವು ಅಲ್ಲಿ ಹಿಂದಿನಿಂದಲೂ ವಾಸವಿದ್ದೆವೆಂದು ತೋರಿಸಬೇಕು, ಅದಕ್ಕೆ ಉಳಿದಿರುವುದು ಒಂದೇ ಸಾಕ್ಷಿ. ಯಾವ ಮಡಕೆ ಎಲ್ಲಿತ್ತು, ಎಷ್ಟು ಆಳದಲ್ಲಿತ್ತು, ಒಳಗೆ ಏನಿತ್ತು ಎಂದು ರೇವತಿ ಮೇಡಂ ನಕ್ಷೆ ಬರೆದಿದ್ದಾರೆ. ಅವರನ್ನು ಕೇಳಿದೆ. ಎಸ್ಟೇಟಿನ ಒಪ್ಪಿಗೆ ಇಲ್ಲದೆ ಕೊಡುವಂತಿಲ್ಲ, ಕರಾರು ಹಾಗಿದೆ ಎಂದರು. ನಿನ್ನ ಹತ್ತಿರ ಒಂದು ಪ್ರತಿ ಇದೆಯಂತೆ. ಅದನ್ನು ಕೊಡು. ಟೈಲ್ಸು ಬೇಡ.

ಭವ್ಯಾ


ಕಲ್ಲುಹಿತ್ಲು ಎಸ್ಟೇಟ್
26 ಫೆಬ್ರವರಿ 2024

ಭವ್ಯಾ ಅವರಿಗೆ,

ರಿಪೋರ್ಟು ಮತ್ತು ನಕ್ಷೆ ಎಸ್ಟೇಟಿನ ಸ್ವತ್ತು. ಕೊಡಲಾಗುವುದಿಲ್ಲ. ಅಪ್ಪನ ಬಿ.ಪಿ. ಏರಿದೆ, ಮನೆಯಲ್ಲಿ ನೆಮ್ಮದಿ ಇಲ್ಲ. ನಿಮ್ಮ ಜೊತೆ ಪತ್ರ ವ್ಯವಹಾರ ಬೇಡವೆಂದು ವಕೀಲರು ಹೇಳಿದ್ದಾರೆ. ದಯವಿಟ್ಟು ಇನ್ನು ಬರೆಯಬೇಡಿ.

ರೂಪಶ್ರೀ ರಂಗನಾಥ್


ಕಲ್ಲುಹಿತ್ಲು ಲೈನು
11 ಮಾರ್ಚ್ 2024

ರೂಪಮ್ಮಂಗೆ ದೇವೀರಮ್ಮ ಹೇಳಿ ಬರೆಸಿದ್ದು. ಬರೀತಿರೋದು ಆಶಾ ಕೆಲ್ಸದ ನಾಗಶ್ರೀ. ಹೇಳ್ದಂಗೇ ಬರಿ, ನಯ ಮಾಡಕ್ಕೆ ಹೋಗ್ಬೇಡ ಅಂದಿದೀನಿ.

ಇಷ್ಟು ವರ್ಷ ನಿಮ್ಮನ್ನ ‘ನೀವು’ ಅಂತ್ಲೇ ಅಂದಿದೀನಿ. ಇದೊಂದು ಕಾಗ್ದದಲ್ಲಿ ‘ನೀನು’ ಅಂತೀನಿ. ನೀನು ಹುಟ್ಟಿದ ಗಳಿಗೇಲಿ ಬಿಸಿನೀರು ಹಿಡ್ಕೊಂಡು ನಿಂತಿದ್ದೋಳು ನಾನು.

ನಿಮ್ಮಪ್ಪೋರು ಲೈನು ಎರಡ್ ಸಾವ್ರದ ಒಂದ್ರಲ್ಲಿ ಕಟ್ಸಿದ್ದು ಅಂದ್ರಂತೆ. ನಾನು ಈ ಮನೆಗೆ ಸೊಸೆಯಾಗಿ ಬಂದಿದ್ದು ತೊಂಬತ್ತೊಂದ್ರಲ್ಲಿ. ಹತ್ತು ವರ್ಷ ಏನು ಕಾಫಿ ಗಿಡದ ಬುಡದಲ್ಲಿ ಸಂಸಾರ ಮಾಡಿದ್ನಾ? ಅವ್ರ ಮನೆ ಉಪ್ಪು ತಿಂದಿದೀನಿ ಅಂತ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಅವ್ರೂ ನಮ್ಮ ಕೈಯಿಂದ ಉಂಡಿದಾರೆ.

ಕೇಳು. ನಮ್ಮತ್ತೆ ದ್ಯಾವಮ್ಮ ಪ್ರತಿ ಯುಗಾದಿಗೆ ಲೈನಿನ ಹಿಂದೆ ಆ ಸಾಲಿಗೆ ಎಣ್ಣೆ ನೀರು ಬಿಡೋರು. ಒಂದೊಂದಕ್ಕೂ ಹೆಸ್ರು ಹೇಳ್ತಾ ಬಿಡೋರು. ನಂಗೆ ಅದು ಬಾಯಿಪಾಠ. ಹಲಸಿನ ಮರದ ಕಡೆಯಿಂದ ಎಣಿಸ್ಬೇಕು. ಮೊದಲ್ನೇದು ನಮ್ಮ ಮಾವ ಕೆಂಪಯ್ಯಂದು. ಎರಡನೇದು ಅವ್ರ ತಂಗಿ ರಂಗಮ್ಮಂದು. ಮೂರನೇದು ಉಸ್ರಿಲ್ದೆ ಹುಟ್ಟಿದ ಕೂಸಿಂದು, ಅದಕ್ಕೆ ಹೆಸ್ರಿಲ್ಲ, ಬರೀ ‘ಕೂಸು’ ಅನ್ನೋರು. ಅದ್ರೊಳಗೆ ಕಾಸು ಹಾಕಿಲ್ಲ, ನಿನ್ನ ನಕ್ಷೇಲಿ ನೋಡು ಬೇಕಾದ್ರೆ. ಹತ್ತನೇದು ನಿಮ್ಮ ಡ್ರೈವರ್ ಉಮೇಶಂದು. ಪೆಟ್ಟಿಗೇಲಿ ತನ್ನ ಮಾಸಿನ ಮಡಕೆ ತಾನೇ ಹೊತ್ಕೊಂಡು ಬಂದು ‘ಎಲ್ಲಿಡ್ಲಿ ಅತ್ತೆ’ ಅಂದ. ನಾನೇನು ಹೇಳ್ಲಿ ಅವ್ನಿಗೆ?

ಮೊಸರು ಹಾಕಿದ್ರಂತೆ. ಯಾವುದ್ರಲ್ಲಿ ಹಾಕಿದ್ರಿ? ಆ ಕೂಸಿನದ್ರಲ್ಲಾ?

ಒಂಬತ್ತನೇದು ಬಂದಾಗ ನಮ್ಮತ್ತೆ ಧ್ವನಿ ತಗ್ಸೋರು. ‘ಬಂಗ್ಲೆ ಕೂಸು’ ಅನ್ನೋರು. ಅದು ನಿಂದು ರೂಪಮ್ಮ. ಆಷಾಢದಲ್ಲಿ ಮೂಡಿಗೆರೆ ರಸ್ತೆಗೆ ಮರ ಬಿದ್ದು ನಿಮ್ಮಮ್ಮಂಗೆ ಬಂಗ್ಲೇಲೇ ಹೆರಿಗೆ ಆತು. ಹೊರಗೆ ಹೇಳ್ಬಾರ್ದು ಅಂತ ನಿಮ್ಮಜ್ಜಿ ಮಾತು ತಗೊಂಡ್ರು, ನಮ್ಮತ್ತೆ ಸಾಯೋತಂಕ ಉಳಿಸ್ಕೊಂಡ್ರು. ನಾನೂ ಉಳಿಸ್ಕೊಂಡಿದ್ದೆ, ಇವತ್ತಿನ ತಂಕ. ಅದ್ರಲ್ಲಿ ಕಬ್ಬಿಣದ ಚೂರಿಲ್ಲ, ಬೀಗದ ಕೈ ಇರ್ಬೇಕು. ಕದ್ದಿದ್ದಲ್ಲ. ನಿಮ್ಮಜ್ಜಿ ತಿಮ್ಮಮ್ಮೋರು ಬದುಕಿದಾರಲ್ಲ, ಕೇಳು.

ಭವ್ಯಂಗೆ ಇದು ಗೊತ್ತಿಲ್ಲ. ಗೊತ್ತಾದ್ರೆ ಊರಿಗೆಲ್ಲ ಕೂಗ್ತಾಳೆ. ನಿನ್ನ ಬಾಯಿಂದ್ಲೇ ಬರ್ಲಿ ಅಂತ ಇದೀನಿ.

ದೇವೀರಮ್ಮನ ಹೆಬ್ಬೆಟ್ಟು


ಕಲ್ಲುಹಿತ್ಲು ಬಂಗಲೆ
19 ಮಾರ್ಚ್ 2024

ಅಪ್ಪಾ,

ಇದನ್ನು ನಿಮ್ಮ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದೇನೆ. ಎದುರಿಗೆ ಹೇಳಲು ಬಂದರೆ ನೀವು ಅರ್ಧದಲ್ಲೇ ಎದ್ದು ನಾಯಿಗಳಿಗೆ ಅನ್ನ ಹಾಕಲು ಹೋಗುತ್ತೀರಿ. ಮೊನ್ನೆ ಹಾಗೇ ಮಾಡಿದಿರಿ.

ದೇವೀರಮ್ಮನ ಪತ್ರ ಬಂದ ದಿನ ನಾನು ರೇವತಿ ಮೇಡಂ ಕೊಟ್ಟ ನಕ್ಷೆ ತೆಗೆದು ನೆಲದ ಮೇಲೆ ಹರಡಿಕೊಂಡು ಕೂತೆ. ಹಲಸಿನ ಮರದ ಕಡೆಯಿಂದ ಎಣಿಸಿದೆ. ಮೂರನೆಯದರ ಎದುರು ‘ನಾಣ್ಯ ಇಲ್ಲ’ ಎಂದು ಬರೆದಿದೆ. ಉಳಿದ ಹತ್ತರಲ್ಲೂ ನಾಣ್ಯ ಇದೆ. ಒಂಬತ್ತನೆಯದರ ಎದುರು ‘ಕಬ್ಬಿಣದ ಬೀಗದ ಕೈ’. ಆ ನಕ್ಷೆಯನ್ನು ದೇವೀರಮ್ಮ ಜನ್ಮದಲ್ಲಿ ನೋಡಿಲ್ಲ. ನಾನೇ ಕೊಡುವುದಿಲ್ಲವೆಂದು ಬರೆದಿದ್ದೆ.

ನಕ್ಷೆ ಮಡಚಿ ಅಜ್ಜಿಯ ರೂಮಿಗೆ ಹೋದೆ. ಅಜ್ಜಿಗೆ ಈಗ ನಿನ್ನೆಯದು ನೆನಪಿರುವುದಿಲ್ಲ, ಆದರೆ ಆ ದಿನ ಕಣ್ಣಿಗೆ ಕಟ್ಟಿದ ಹಾಗೆ ಹೇಳಿದರು. “ಬಂಗ್ಲೆ ಬಚ್ಚಲಿಗೆ ದೊರೆ ಕಾಲದಿಂದ್ಲೂ ಸಿಮೆಂಟು ಕಣೇ, ಮಿಂದ ನೀರು ಪೈಪಲ್ಲಿ ಹೋಗತ್ತೆ. ಹಿತ್ಲಲ್ಲಿ ಹೂತಿದ್ರೆ ನಿಮ್ಮಪ್ಪನ ನಾಯಿಗಳು ಬಿಡ್ತಿದ್ವಾ? ದ್ಯಾವಮ್ಮನ ಕೈಲಿ ಕೊಟ್ಟೆ. ಕಬ್ಬಿಣ ಬೇಕು ಅಂದ್ಲು. ಸೊಂಟದಲ್ಲಿ ಉಗ್ರಾಣದ ಹಳೇ ಕೀ ಇತ್ತು, ಅದನ್ನೇ ಕೊಟ್ಟೆ.” ಕೂಲಿ ಲೈನಿನಲ್ಲಿ ಬಂಗಲೆಯ ಕೂಸಿನದು ಇದೆ ಎಂದರೆ ಜನ ಏನೆಂದಾರು ಎಂದು ಬಾಯಿ ಕಟ್ಟಿಸಿದರಂತೆ. ಆಮೇಲೆ ನಾನು ಕೇಳದೆ ಇದ್ದ ಮಾತನ್ನೂ ಹೇಳಿದರು. “ನಿಮ್ಮಪ್ಪ ಪಿಕಾಸಿ ಹಿಡ್ಕೊಂಡು ಅವ್ಳ ಹಿಂದೆ ಹೋದ. ಹೊಂಡ ಅವ್ನೇ ತೋಡಿದ್ದು.”

ಅಪ್ಪಾ, ನೀವು 1993ರ ಜುಲೈನಲ್ಲಿ ಆ ಲೈನಿನ ಬಚ್ಚಲ ಹಿಂದೆ ನಿಂತು ನನಗಾಗಿ ನೆಲ ಅಗೆದಿದ್ದೀರಿ. ಕಾಗದದಲ್ಲಿ ಅಲ್ಲಿ ಯಾರೂ ವಾಸವಿರಲಿಲ್ಲ ಎಂದು ಸಹಿ ಮಾಡಿದ್ದೀರಿ. ಪೆನ್ನು ಹಿಡಿದಾಗ ಆ ದಿನ ಒಂದು ಕ್ಷಣವಾದರೂ ನೆನಪಾಗಲಿಲ್ಲವೇ? ನೆನಪಾಗಿಯೂ ಸಹಿ ಮಾಡಿದಿರೇ? ಎರಡರಲ್ಲಿ ಯಾವುದು ನಿಜವಾದರೂ ನನಗೆ ಅಸಹ್ಯವಾಗುತ್ತದೆ.

ನಾನೇನು ಸಾಚಾ ಅಲ್ಲ. ನನ್ನದೂ ಇದ್ದ ಆ ಸಾಲಿನ ಮಡಕೆಗಳಲ್ಲಿ ನಾನೇ ಗೆಸ್ಟುಗಳಿಗೆ ಉಪ್ಪಿನಕಾಯಿ, ಮೊಸರು ಇಟ್ಟೆ. ನನ್ನನ್ನು ಹುಟ್ಟಿಸಿದ ಕೈಯನ್ನು ಕಳ್ಳಕೈ ಎಂದು ಬರೆದೆ, ಭವ್ಯಾಳಿಗೆ. ಒಂದು ವರ್ಷದಿಂದ ‘ನಮ್ಮ ಪರಂಪರೆ’ ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ. ಹಾರ್ಡಿಂಗನ ನಾಯಿಯ ಹೆಸರು ನನಗೆ ಗೊತ್ತು, ನಮ್ಮ ಹಿತ್ತಲಲ್ಲಿ ಹುಟ್ಟಿದ ಹತ್ತು ಜನ ಯಾರೆಂದು ಗೊತ್ತಿರಲಿಲ್ಲ.

ನಕ್ಷೆಯ ಪ್ರತಿಯನ್ನು ಭವ್ಯಾಳಿಗೆ ಕಳಿಸಿದ್ದೇನೆ. ವಿಚಾರಣೆಯ ದಿನ ನಾನೇ ಹೋಗಿ ಹೇಳಿಕೆ ಕೊಡುತ್ತೇನೆ. ವಕೀಲರಿಗೆ ಹೇಳಿ, ನನ್ನನ್ನು ತಡೆಯಲು ಬರುವುದು ಬೇಡ.

ರೂಪಾ


ಕಳಸ
22 ಜುಲೈ 2024

ರೂಪಶ್ರೀ,

ಆದೇಶ ಬಂತು. ಆರೂ ಮನೆಯವರಿಗೆ ಜಾಗ ಸಿಕ್ಕಿತು. ನಿನ್ನ ಅಪ್ಪನ ತಕರಾರು ವಜಾ ಆಯಿತು. ಅಮ್ಮ ಲೈನಿನ ಮನೆಯಲ್ಲೇ ಇರುತ್ತಾಳೆ, ಉಳಿದವರು ಬಿದ್ದ ಗೋಡೆಗಳ ಜಾಗದಲ್ಲಿ ಮತ್ತೆ ಕಟ್ಟಿಕೊಳ್ಳಬೇಕು. ನೀನು ಫೋನಿನಲ್ಲಿ “ಖುಷಿಯಾಯ್ತಾ?” ಎಂದು ಕೇಳಿದೆ. ನಾನು ಫೋನ್ ಇಟ್ಟೆ. ಯಾಕೆ ಇಟ್ಟೆ ಎಂದು ಬರೆದರೇ ಸರಿ.

ವಿಚಾರಣೆಯ ದಿನ ನಡೆದದ್ದನ್ನು ನೀನು ಅರ್ಧ ಮಾತ್ರ ನೋಡಿದೆ. ನೀನು ಬಂದದ್ದು ಹನ್ನೆರಡಕ್ಕೆ. ಹತ್ತೂವರೆಯಿಂದ ಅಮ್ಮ ಆ ಅಧಿಕಾರಿಯ ಮುಂದೆ ನಿಂತಿದ್ದಳು. ಕೂರು ಎಂದವರಿಲ್ಲ. ಒಂದೊಂದೇ ಮಡಕೆಯ ಹೆಸರು ಹೇಳಿದಳು. ನಾನು ನಕ್ಷೆ ಹಿಡಿದು ಒಂದೊಂದನ್ನೂ ತೋರಿಸಿದೆ. ಮೊದಲನೆಯದರಲ್ಲಿ ಬ್ರಿಟಿಷ್ ರಾಜನ ತಲೆಯ ಕಾಸು ಸಿಕ್ಕಿದೆ ಎಂದು ರೇವತಿ ಮೇಡಂ ಬರೆದದ್ದನ್ನು ಓದಿದೆ. ಅಧಿಕಾರಿ ಕನ್ನಡಕ ಒರೆಸಿಕೊಳ್ಳುತ್ತಾ, “ಹಳೇ ಕಾಸು ಯಾರ ಹತ್ರ ಬೇಕಾದ್ರೂ ಇರತ್ತಮ್ಮ, ಇದೆಲ್ಲ ಬಾಯಿಮಾತು,” ಎಂದರು. ನಿಮ್ಮ ವಕೀಲರು ನಕ್ಕರು. ಅಮ್ಮನಿಗೆ ಅಳು ಬರಲಿಲ್ಲ, ನನಗೆ ಬಂತು, ಸಿಟ್ಟಿಗೆ.

ಆಮೇಲೆ ನೀನು ಬಂದೆ. ನಿನಗೆ ಕುರ್ಚಿ ಹಾಕಿದರು. ಒಂಬತ್ತನೆಯದು ನನ್ನದು ಎಂದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಅಧಿಕಾರಿ ಪೆನ್ನು ತೆಗೆದರು. ಅದೇ ನಕ್ಷೆ, ಅದೇ ಸಾಲು, ಅದೇ ದ್ಯಾವಮ್ಮ ಹೂತದ್ದು.

ಆದೇಶದಲ್ಲಿ ಏನಿದೆ ಗೊತ್ತೇ? ಇಲ್ಲಿ ಇಳಿಸುತ್ತಿದ್ದೇನೆ. ‘ಮಾಲೀಕರ ಮಗಳಾದ ರೂಪಶ್ರೀ ಇವರ ಹೇಳಿಕೆಯಿಂದ ಸದರಿ ಲೈನು ಜುಲೈ 1993ರಲ್ಲಿ ಇದ್ದುದು ಕಂಡುಬರುತ್ತದೆ. ಅದಕ್ಕೂ ಹಿಂದಿನ ವಾಸದ ಬಗ್ಗೆ ನಂಬಲರ್ಹ ಪುರಾವೆ ಇರುವುದಿಲ್ಲ.’

ನಮ್ಮ ಹತ್ತು ಸಾಕಾಗಲಿಲ್ಲ ರೂಪಾ. ನಿನ್ನದೊಂದು ಬೇಕಾಯಿತು.

ಇದನ್ನು ಅಮ್ಮನಿಗೆ ಓದಿ ಹೇಳಿದೆ. “ಹಂಗಾದ್ರೆ ಮಾವ ಎಲ್ಲಿ ಹುಟ್ಟಿದ್ದು?” ಎಂದಳು. ನನ್ನ ಅಜ್ಜ ಕೆಂಪಯ್ಯ 1938ರಲ್ಲಿ ಆ ಲೈನಿನಲ್ಲಿ ಹುಟ್ಟಿ, ನಿಮ್ಮ ತೋಟದಲ್ಲೇ ಅರವತ್ತು ವರ್ಷ ದುಡಿದು, ಅಲ್ಲೇ ಸತ್ತ. ಸರ್ಕಾರದ ಕಾಗದದ ಪ್ರಕಾರ ಅವನು ಎಲ್ಲೂ ಹುಟ್ಟಿಲ್ಲ. ರಂಗಮ್ಮನೂ ಹುಟ್ಟಿಲ್ಲ. ನಿನಗಿಂತ ಆರು ತಿಂಗಳು ದೊಡ್ಡವಳಾದ ನಾನೂ ಹುಟ್ಟಿಲ್ಲ. ಆ ಊರಿನಲ್ಲಿ ಮೊದಲು ಹುಟ್ಟಿದವಳು ನೀನು.

ನೀನು ಅಪ್ಪನ ಎದುರು ನಿಂತದ್ದು ಸಣ್ಣ ವಿಷಯವಲ್ಲ, ನನಗೆ ಗೊತ್ತು. ಅವರು ನಿನ್ನ ಜೊತೆ ಈಗ ಮಾತಾಡುತ್ತಿಲ್ಲ ಎಂದು ಉಮೇಶ್ ಹೇಳಿದ. ಆದರೂ ಥ್ಯಾಂಕ್ಸ್ ಎನ್ನಲು ನನ್ನ ನಾಲಗೆ ಏಳುತ್ತಿಲ್ಲ. ಮನೆ ಸಿಕ್ಕಿತಲ್ಲ, ಇನ್ನೇನು ಎಂದು ಶಾಲೆಯಲ್ಲಿ ಎಲ್ಲರೂ ಕೇಳುತ್ತಾರೆ. ನೀನಾದರೂ ಹಾಗೆ ಕೇಳಬೇಡ.

ನಾವು ಆ ತಾರೀಖಿನ ವಿರುದ್ಧ ಮೇಲ್ಮನವಿ ಹಾಕುತ್ತಿದ್ದೇವೆ. ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಅಮ್ಮ ಹೇಳಿದ ಕ್ರಮದಲ್ಲಿ ಹತ್ತು ಮಡಕೆ, ಒಂಬತ್ತು ಹೆಸರು, ಒಂದು ಬರೀ ‘ಕೂಸು’. ಇವರೆಲ್ಲ ಈ ಲೈನಿನಲ್ಲಿ ಹುಟ್ಟಿದ್ದು ನಿಜ, ಇವರ ಮಾಸಿನ ಮಡಕೆಗಳನ್ನು ನಾನೇ ಅಗೆಸಿ ತೆಗೆಸಿದೆ ಎಂದು ಕೆಳಗೆ ಬರೆದಿದೆ. ಅದರ ಕೆಳಗೆ ನಿನ್ನ ಸಹಿಗೆ ಜಾಗ ಬಿಟ್ಟಿದ್ದೇನೆ.

ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ. ಈ ಸಲ ನಮ್ಮ ಹತ್ತಕ್ಕೆ ಮಾತ್ರ ಸಹಿ ಹಾಕು.

ಭವ್ಯಾ